ಹದಿನೆಂಟು ಔನ್ಸು

ಸೋಮವಾರ ಮತ್ತು ಗುರುವಾರ ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ಕಾಂಪೌಂಡರ್ ಕಾರ್ಮಿಕರ ಮನೆಗಳ ಲೈನಿಗೆ ಬರುತ್ತಿದ್ದ. ಕೈಯಲ್ಲಿ ಮುಚ್ಚಳದ ಬಕೆಟ್ಟು, ಒಂದು ಔನ್ಸು ಹಿಡಿಯುವ ಅಳತೆಯ ಗಾಜು, ಕಂಕುಳಲ್ಲಿ ನೋಟ್‌ಬುಕ್ಕು. ೧೯೩೭ರ ಮಳೆಗಾಲ ಮುಗಿದಿತ್ತು. ಭದ್ರಾವತಿಯಲ್ಲಿ ಮಲೇರಿಯಾ ಮನೆಗೊಬ್ಬರನ್ನಾದರೂ ಮಲಗಿಸಿತ್ತು. ಜ್ವರ ಇಲ್ಲದವರೂ ವಾರಕ್ಕೆರಡು ಸಲ ಒಂದೊಂದು ಔನ್ಸು ಕ್ವಿನೈನ್ ನೀರು ಕುಡಿಯಬೇಕು, ಅದನ್ನು ಕಾಂಪೌಂಡರ್ ಕಣ್ಣೆದುರೇ ಕುಡಿಯಬೇಕು ಎಂಬುದು ನಿಯಮ. ಜನ ಅದನ್ನು ಕಹಿನೀರು ಎನ್ನುತ್ತಿದ್ದರು.

ಲೈನಿನಲ್ಲಿ ನಲವತ್ತು ಮನೆ. ಏಳೂವರೆಗೆ ಕಬ್ಬಿಣದ ಕಾರ್ಖಾನೆಯ ಸಿಳ್ಳು. ಅರ್ಧ ಗಂಟೆಯಲ್ಲಿ ಅಷ್ಟೂ ಬಾಯಿ ತೆರೆಸುವುದು ಯಾರಿಂದಲೂ ಆಗದ ಕೆಲಸ. ಹನ್ನೆರಡನೇ ಮನೆಯ ದ್ಯಾಮಮ್ಮ ಚೊಂಬು ಹಿಡಿದು ನಿಂತರೆ ಅವನು ನಾಲ್ಕು ಔನ್ಸು ಅಳೆದು ಸುರಿದು, ನಾಲ್ಕು ಗೀಟು ಎಳೆದು ಮುಂದಕ್ಕೆ ಹೋಗುತ್ತಿದ್ದ.

"ಎಲ್ರೂ ಕುಡೀಬೇಕು ಅಮ್ಮ. ಚೆಲ್ಲಬೇಡಿ."

"ಹಾಲು ಚೆಲ್ಲೇನು, ಇದನ್ನ ಚೆಲ್ಲೇನಾ?" ಎನ್ನುತ್ತಿದ್ದಳು ದ್ಯಾಮಮ್ಮ. ಅದು ನಿಜವೇ ಆಗಿತ್ತು.

ಮನೆಯಲ್ಲಿದ್ದ ನಾಲ್ವರಲ್ಲಿ ಕುಡಿಯುತ್ತಿದ್ದವರು ಅವಳು ಮತ್ತು ಮಗ ಚೌಡಯ್ಯ ಮಾತ್ರ. ಗಂಡ ಪುಟ್ಟಯ್ಯ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವವನು. ಕಹಿನೀರು ಕುಡಿದು ಕಾದ ಕಬ್ಬಿಣದ ಮುಂದೆ ನಿಂತರೆ ತಲೆ ಸುತ್ತುತ್ತದೆ ಎಂದು ಮೊದಲ ದಿನವೇ ಉಗಿದಿದ್ದ. ಸೊಸೆ ಚಿನ್ನಮ್ಮನಿಗೆ ಐದು ತಿಂಗಳು. ಬಸುರಿಗೆ ಅದು ಆಗದು ಎಂದು ತವರಿನಿಂದ ಹೇಳಿಕಳಿಸಿದ್ದರು. ಇಬ್ಬರ ಪಾಲನ್ನೂ ದ್ಯಾಮಮ್ಮ ಹಳೆಯ ಹರಳೆಣ್ಣೆ ಸೀಸೆಗೆ ಬಸಿದು, ಬಿರಡೆ ಹಾಕಿ, ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದಳು. ಸೆಪ್ಟೆಂಬರ್ ನಡುವಿನಿಂದ ಒಂಬತ್ತು ಸಲ ಹೀಗೆ ಇಟ್ಟಿದ್ದಳು. ಭದ್ರಾವತಿಗೆ ಬರುವ ಮೊದಲು, ಹಳ್ಳಿಯಲ್ಲಿ, ಹಿರಿಯ ಮಗಳು ಇದೇ ಜ್ವರದಲ್ಲಿ ಹೋಗಿದ್ದಳು. ಔಷಧ ತರಲು ಹೋದವರು ಸಂಜೆಗೆ ತಿರುಗಿ ಬಂದಾಗ ಮಗು ಇರಲಿಲ್ಲ. ಮನೆಯಲ್ಲಿ ಔಷಧ ಇರಬೇಕು ಎಂಬುದು ಅಂದಿನಿಂದ ದ್ಯಾಮಮ್ಮನ ಹಟ.

ಆ ವರ್ಷದ ಆಯುಧಪೂಜೆಗೆ ಪುಟ್ಟಯ್ಯ ತನ್ನ ಕರಣೆಗೆ, ಬ್ರಷ್ಷಿಗೆ, ಜರಡಿಗೆ ಕುಂಕುಮ ಇಟ್ಟ. ಮಗನ ಗಿಟಾರನ್ನು ದಾಟಿ ಹೋದ.

"ಅದಕ್ಕೂ ಇಡಿ," ಎಂದಳು ದ್ಯಾಮಮ್ಮ.

"ಅದು ಆಯುಧ ಅಲ್ಲ ಮಾರಾಯ್ತಿ. ಆಯುಧ ಅಂದ್ರೆ ಅನ್ನ ಹಾಕೋದು."

"ವಾರಕ್ಕೆ ಮೂರು ಮನೆ ಪಾಠ ಮಾಡ್ತಾನಲ್ಲ?"

"ಮೂರು ಮನೆ! ಹೊಳೆ ಆಚೆ ಕಾಗದದ ಗಿರಣಿ ಕಟ್ಟೋಕೆ ಶುರು ಮಾಡವ್ರೆ. ಮೈ ಬಗ್ಗಿಸೋ ಯಾರನ್ನಾದ್ರೂ ತಗೊಳ್ತಾರೆ. ಇವನು ಸೌದೆ ಒಡೆಯಲ್ಲ, ನೀರು ಸೇದಲ್ಲ. ಉಗುರು ಮುರಿಯುತ್ತಂತೆ!"

ಚೌಡಯ್ಯ ನಕ್ಕ. ಅವನ ಬಲಗೈಯ ನಾಲ್ಕು ಬೆರಳಿಗೆ ಉಗುರು ಬೆಳೆದಿತ್ತು, ಎಡಗೈಗೆ ಇರಲಿಲ್ಲ. ಉಗುರು ಬೆಳೆದ ಕೈಯಲ್ಲಿ ಅನ್ನ ಕಲಸಿದರೆ ಮನೆಗೆ ದರಿದ್ರ ಎಂದು ದ್ಯಾಮಮ್ಮ ಅವನಿಗೊಂದು ಹಿತ್ತಾಳೆ ಚಮಚ ಕೊಟ್ಟಿದ್ದಳು. ಚಮಚದಲ್ಲಿ ಮುದ್ದೆ ಮುರಿದು ತಿನ್ನುತ್ತಿದ್ದವನು ಇಡೀ ಲೈನಿನಲ್ಲಿ ಅವನೊಬ್ಬನೇ. ಗಿಟಾರಿಗೆ ಕುಂಕುಮವನ್ನು ದ್ಯಾಮಮ್ಮನೇ ಇಟ್ಟಳು.

ಆ ಗಿಟಾರು ಬಂದು ಹತ್ತು ವರ್ಷವಾಗಿತ್ತು. ಊರು ಬಿಟ್ಟು ಹೊರಟ ಪರದೇಶದ ಎಂಜಿನಿಯರೊಬ್ಬನ ಸಾಮಾನಿನ ಹರಾಜಿನಲ್ಲಿ ಫಿಟ್ಟರ್ ಇನ್ನಾಸಪ್ಪ ಅದನ್ನು ಕೊಂಡಿದ್ದ. ಇನ್ನಾಸಪ್ಪ ಯೌವನದಲ್ಲಿ ಬರ್ಮಾದಲ್ಲಿ ಪಲ್ಟಣದ ಬ್ಯಾಂಡಿನಲ್ಲಿದ್ದವನು, ಆಮೇಲೆ ಶಿವಮೊಗ್ಗದ ಚರ್ಚಿನಲ್ಲಿ ಹಾಡಿಗೆ ನುಡಿಸುತ್ತಿದ್ದವನು. ಫಿಟ್ಟಿಂಗ್ ಶಾಪಿನಲ್ಲಿ ಅವನ ಕೈಕೆಳಗೆ ಕೆಲಸ ಕಲಿಯಲು ಹೋದ ಹದಿನಾಲ್ಕರ ಚೌಡಯ್ಯ ಕಲಿತುಬಂದದ್ದು ಬೇರೆ. ಇನ್ನಾಸಪ್ಪ ತಂತಿಯನ್ನು ಕಡ್ಡಿಯಿಂದ ಮೀಟುತ್ತಿರಲಿಲ್ಲ, ಬರಿ ಬೆರಳಿನಿಂದ ಎತ್ತುತ್ತಿದ್ದ. "ಹೆಬ್ಬೆರಳು ಮನೆ ಕಾಯ್ಬೇಕು. ಉಳಿದ ಬೆರಳು ಬೀದಿ ತಿರುಗಬಹುದು," ಎನ್ನುತ್ತಿದ್ದ. ಹೆಬ್ಬೆರಳು ದಪ್ಪ ತಂತಿಯಲ್ಲಿ ಶ್ರುತಿ ಹಿಡಿದಿರುತ್ತದೆ, ಉಳಿದ ಮೂರು ಬೆರಳು ಸಣ್ಣ ತಂತಿಗಳ ಮೇಲೆ ರಾಗ ನಡೆಸುತ್ತವೆ. ಕೇಳಿದವರಿಗೆ ಇಬ್ಬರು ನುಡಿಸಿದಂತೆ ಇರುತ್ತಿತ್ತು. ಇನ್ನಾಸಪ್ಪ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಹೋಗುವಾಗ ಗಿಟಾರನ್ನು ಚೌಡಯ್ಯನಿಗೇ ಬಿಟ್ಟುಹೋದ.

ಹೋಗುವ ದಿನ ಇನ್ನೊಂದು ಮಾತು ಹೇಳಿದ್ದ. ಚೌಡಯ್ಯ ತಂತಿ ಬಿಗಿಯುತ್ತಿದ್ದಾಗ ಒಲೆಯ ಮುಂದಿನಿಂದ ದ್ಯಾಮಮ್ಮ ಕೂಗಿದ್ದಳು: "ನಾಲ್ಕನೇದು ಇಳಿದೈತೆ ಕಣೋ!" ಇನ್ನಾಸಪ್ಪ ತಿರುಗಿ ನೋಡಿ, "ನಿಮ್ಮಮ್ಮನ ಕಿವಿ ನನ್ನದಕ್ಕಿಂತ ಚೆನ್ನಾಗಿದೆ ಮಾರಾಯ," ಎಂದಿದ್ದ. ರಾಗಿ ಬೀಸುತ್ತ ಹಾಡಿಕೊಂಡು ಬೆಳೆದ ಕಿವಿ ಅದು.

ಆಯುಧಪೂಜೆಯ ಮರುದಿನ ಯಜ್ಞನಾರಾಯಣ ಬಂದ. ಶಿವಮೊಗ್ಗದ ಕಚೇರಿಯಲ್ಲಿ ಗುಮಾಸ್ತ, ಮೂವತ್ತೈದರ ಆಳು, ಚೌಡಯ್ಯನ ಶಿಷ್ಯ. ಭಾನುವಾರ ರೈಲಿನಲ್ಲಿ ಬಂದು ಪಾಠ ಮುಗಿಸಿ ಹೋಗುತ್ತಿದ್ದ. ಗಿಟಾರಿನ ಸಣ್ಣ ತಂತಿಗಳು ಕುರಿಯ ಕರುಳಿನಿಂದ ಮಾಡಿದವು ಎಂದು ತಿಳಿದ ಮೇಲೂ ಪಾಠ ಬಿಡದೆ, ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದ.

"ಬಂದ್ರಾ ಸ್ವಾಮಿ? ಇವತ್ತು ಭಾನುವಾರ ಅಲ್ವಲ್ಲ. ಒಂದು ಸ್ನಾನ ಜಾಸ್ತಿ ಆಯ್ತಲ್ಲ ನಿಮಗೆ," ಎಂದ ಪುಟ್ಟಯ್ಯ.

"ಸುದ್ದಿ ಅಂಥದ್ದು ಪುಟ್ಟಯ್ಯನೋರೆ. ದುರ್ಗಿಗುಡಿ ಹತ್ರ ಹೆಣ್ಣುಮಕ್ಕಳಿಗೆ ಸಂಗೀತದ ಶಾಲೆ ತೆಗೀತಾರೆ. ಜವಳಿ ಅಂಗಡಿ ಕೊಟ್ರಬಸಪ್ಪನೋರು ಸೆಕ್ರೆಟರಿ. ವೀಣೆಯವರು ಸಿಕ್ಕಿಲ್ಲ. ನಾನು ಇವರ ಹೆಸರು ಹೇಳಿದೀನಿ. ಇಪ್ಪತ್ನಾಲ್ಕಕ್ಕೆ, ಭಾನುವಾರ, ನುಡಿಸಿ ತೋರಿಸ್ಬೇಕು."

"ಸಂಬಳ?"

"ತಿಂಗಳಿಗೆ ಹದಿನೆಂಟು. ಇರೋಕೆ ಒಂದು ಕೋಣೆ."

ಪುಟ್ಟಯ್ಯ ಹೆಂಡತಿಯ ಕಡೆ ತಿರುಗಿ, "ಕಾಫಿ ಕುಡೀತಾರಾ ಕೇಳೇ," ಎಂದ.

ಹದಿನಾರನೇ ತಾರೀಖು ಶನಿವಾರ ಬೆಳಗಿನ ಜಾವ ಚೌಡಯ್ಯನಿಗೆ ನಡುಕ ಬಂತು. ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಎನ್ನುತ್ತಿತ್ತು. ಸಂಜೆಗೆ ಬೆವರಿ ಬಿಟ್ಟಿತು. ಭಾನುವಾರ ಎದ್ದು ಊಟ ಮಾಡಿದ. ಸೋಮವಾರ ಅದೇ ಹೊತ್ತಿಗೆ ಮತ್ತೆ ನಡುಕ. ದಿನ ಬಿಟ್ಟು ದಿನದ ಜ್ವರ. ಲೈನಿನ ಹೆಂಗಸರೆಲ್ಲರಿಗೂ ಅದರ ಲೆಕ್ಕ ಗೊತ್ತಿತ್ತು. ದ್ಯಾಮಮ್ಮ ಬೆರಳು ಮಡಚಿದಳು: ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ನಾಲ್ಕು.

"ಸರಿಯಾಗಿ ಆ ಭಾನುವಾರಕ್ಕೇ ಬರುತ್ತಲ್ಲೇ," ಎಂದಳು ಸೊಸೆಗೆ.

"ಡಾಕ್ಟರು ಔಷಧ ಕೊಟ್ಟವ್ರಲ್ಲ ಅತ್ತೆ. ದಿನಕ್ಕೆ ಮೂರು ಔನ್ಸು. ಐದಾರು ದಿನದಲ್ಲಿ ನಿಲ್ಲುತ್ತೆ ಅಂದ್ರಂತೆ."

"ಐದಾ, ಆರಾ? ಆರಾದ್ರೆ?"

ದ್ಯಾಮಮ್ಮ ಅಕ್ಕಿ ಡಬ್ಬ ಸರಿಸಿ ಸೀಸೆ ತೆಗೆದಳು. ಮನೆಯಲ್ಲಿ ತುಪ್ಪ ಉಳಿದರೆ ಅದು ಬಾಣಂತಿಗೆ, ಮೊಟ್ಟೆ ಉಳಿದರೆ ದುಡಿಯುವವನಿಗೆ. ಮನೆಯವರ ಪಾಲು ಬೇಕಾದವರಿಗೆ ಹೋಗುವುದು ಹಾಗೆ. ಅಂದಿನಿಂದ ಆಸ್ಪತ್ರೆಯ ಒಂದು ಔನ್ಸಿಗೆ ಸೀಸೆಯ ಒಂದು ಔನ್ಸು ಸೇರಿಸಿದಳು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ.

"ಲೋಟದ ತುಂಬ ಐತಲ್ಲಮ್ಮ," ಎಂದ ಚೌಡಯ್ಯ ಮೊದಲ ಸಲ.

"ನೀರು ಬೆರೆಸಿದೀನಿ, ಕುಡಿ. ಕಹಿ ಕಮ್ಮಿಯಾಗ್ಲಿ ಅಂತ."

ಕಹಿ ಕಡಿಮೆಯಾಗಿರಲಿಲ್ಲ. ಅವನು ಕುಡಿದ. ಬುಧವಾರ ಜ್ವರ ಬಂತು, ಹಗುರಾಗಿತ್ತು. ಶುಕ್ರವಾರ ಬರಲಿಲ್ಲ. ಶುಕ್ರವಾರವೇ ಅವನು ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತ, "ಜೀರುಂಡೆ ಕೂಗಿದಂಗೆ ಆಗ್ತದೆ," ಎಂದ.

"ಜ್ವರ ಇಳಿಯೋವಾಗ ಹಂಗೇ," ಎಂದಳು ದ್ಯಾಮಮ್ಮ.

ಶನಿವಾರ ರಾತ್ರಿಗೆ ಸೀಸೆ ಬರಿದಾಯಿತು. ಒಂಬತ್ತು ಸಲ ಇಬ್ಬರ ಪಾಲು, ಹದಿನೆಂಟು ಔನ್ಸು. ಆರು ದಿನ ಮೂರು ಹೊತ್ತು, ಹದಿನೆಂಟು ಔನ್ಸು. ಹನಿಯೂ ದಂಡವಾಗಲಿಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಭಾನುವಾರ ಜ್ವರ ಬರಲಿಲ್ಲ.

ಶಿವಮೊಗ್ಗದ ಸ್ಟೇಷನ್ನಿನಲ್ಲಿ ಯಜ್ಞನಾರಾಯಣ ಕಾದಿದ್ದ. ಶಾಲೆಯ ಹಜಾರದಲ್ಲಿ ಜಮಖಾನ ಹಾಸಿತ್ತು. ಕಮಿಟಿಯವರು ಐದು ಜನ. ಕೊಟ್ರಬಸಪ್ಪ ಗಿಟಾರನ್ನು ಸುತ್ತ ನೋಡಿದ.

"ಇದು ಇಂಗ್ಲಿಷರ ವಾದ್ಯ ಅಲ್ವಾ?"

"ವಾದ್ಯ ಅವರದ್ದು ಸ್ವಾಮಿ. ನುಡಿಸೋದು ದೇವರನಾಮ," ಎಂದ ಯಜ್ಞನಾರಾಯಣ.

"ತಂತಿ ಯಾವುದರದ್ದು?"

ಯಜ್ಞನಾರಾಯಣ ಕೆಮ್ಮಿದ. "ಮದ್ರಾಸಿಂದ ವಿ.ಪಿ. ಅಂಚೇಲಿ ಬರುತ್ತೆ," ಎಂದ.

ಚೌಡಯ್ಯ ಶ್ರುತಿ ಮಾಡಿದ. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಕಿವಿಯಲ್ಲಿನ ಜೀರುಂಡೆ ಸಣ್ಣ ತಂತಿಯ ಸ್ವರದ ಪಕ್ಕದಲ್ಲೇ ಕೂಗುತ್ತಿತ್ತು. ಆದರೂ ಬೆರಳುಗಳಿಗೆ ದಾರಿ ಗೊತ್ತಿತ್ತು. ಎರಡು ದೇವರನಾಮ ನುಡಿಸಿದ. ಹೆಬ್ಬೆರಳು ಮನೆ ಕಾಯಿತು. ಕೊಟ್ರಬಸಪ್ಪ ಕಣ್ಣು ಮುಚ್ಚಿ ತಲೆದೂಗಿದ.

ಎರಡನೆಯದು ಪಾಠದ ಪರೀಕ್ಷೆ. ಹತ್ತು ವರ್ಷದ ಒಂದು ಹುಡುಗಿ ಒಂದು ಸಾಲು ಹಾಡುತ್ತಾಳೆ, ಎಲ್ಲಿ ತಪ್ಪಿದಳು ಎಂದು ಇವನು ತಿದ್ದಬೇಕು. ಹುಡುಗಿ ನಾಚಿಕೊಂಡು ಮೆಲ್ಲಗೆ ಹಾಡಿದಳು.

"ಇನ್ನೊಂದ್ಸಲ ಹಾಡಮ್ಮ."

ಹಾಡಿದಳು.

"ಜೋರಾಗಿ ಹಾಡಮ್ಮ."

ಮೂರನೇ ಸಲಕ್ಕೆ ಹುಡುಗಿ ಅಳುಮುಖ ಮಾಡಿದಳು. ಚೌಡಯ್ಯ, "ಸರಿಯಾಗಿದೆ," ಎಂದ. ಐದೂ ಜನ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿ ಕೊನೆಯ ಸ್ವರವನ್ನು ಪೂರಾ ಬೀಳಿಸಿದ್ದಳು, ಅದೂ ಕಮಿಟಿಯವರೇ ಹೇಳಿಕೊಟ್ಟು ಬೀಳಿಸಿದ್ದು.

"ಕೈ ಚೆನ್ನಾಗಿದೆ. ಆದ್ರೆ ಪಾಠ ಹೇಳೋನಿಗೆ ಮಕ್ಕಳ ತಪ್ಪು ಕೇಳಿಸ್ಬೇಕಲ್ಲ?" ಎಂದ ಕೊಟ್ರಬಸಪ್ಪ.

"ಜ್ವರದಿಂದ ಎದ್ದು ಬಂದವ್ರೆ ಸ್ವಾಮಿ. ಕಿವಿ ಕಟ್ಟಿದೆ," ಎಂದ ಯಜ್ಞನಾರಾಯಣ.

"ಹಾಗಾದ್ರೆ ಡಿಸೆಂಬರ್ ಐದಕ್ಕೆ ಬರ್ಲಿ. ಅಲ್ಲೀವರೆಗೆ ಕಾಯ್ತೀವಿ."

ಸೋಮವಾರ ದ್ಯಾಮಮ್ಮನೇ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಅವನ ಕಿವಿಯ ಹತ್ತಿರ ಗಡಿಯಾರ ಹಿಡಿದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು.

"ಔಷಧಿ ಎಷ್ಟು ಕೊಟ್ರಿ ಅಮ್ಮ?"

ಮೇಜಿನ ಆ ಬದಿಯಲ್ಲಿ ಕಾಂಪೌಂಡರ್ ನಿಂತಿದ್ದ. ಅವನ ಕಂಕುಳಲ್ಲಿ ಆ ನೋಟ್‌ಬುಕ್ಕು, ಅದರಲ್ಲಿ ಹನ್ನೆರಡನೇ ಮನೆಗೆ ಪ್ರತಿಸಲವೂ ನಾಲ್ಕು ಗೀಟು. ಕುಡಿಯದವರಿಗೆ ದಂಡ ಎಂದು ಲೈನಿನಲ್ಲಿ ಮಾತಿತ್ತು.

"ಹೇಳಿದಷ್ಟೇ," ಎಂದಳು ದ್ಯಾಮಮ್ಮ.

"ದಿನಕ್ಕೆ ಮೂರೇ ಔನ್ಸಾ?"

"ಹೇಳಿದಷ್ಟೇ ಸ್ವಾಮಿ."

"ಹಾಗಿದ್ರೆ ಇದು ಔಷಧಿಯಿಂದಾದ ಕಿವುಡಲ್ಲ. ಅಷ್ಟಕ್ಕೆ ಇಷ್ಟಾಗಲ್ಲ. ಜ್ವರ ಇನ್ನೂ ಒಳಗಿದೆ. ಇನ್ನೊಂದು ವಾರ ಅದೇ ಮೂರು ಔನ್ಸು ಮುಂದುವರಿಸಿ."

ಏಳು ದಿನ ದ್ಯಾಮಮ್ಮ ಆ ಮೂರು ಔನ್ಸನ್ನು ಕೊಟ್ಟಳು. ಗೆರೆ ನೋಡಿ ಅಳೆದಳು, ಒಂದು ಹನಿ ಹೆಚ್ಚಿಸಲಿಲ್ಲ.

ದೀಪಾವಳಿಯ ದಿನ ಬೆಳಗ್ಗೆ ಚೌಡಯ್ಯ ಹೊಸ್ತಿಲಿಗೆ ಬೆನ್ನು ಹಾಕಿ ಕೂತು ಚಮಚದಲ್ಲಿ ಕಡುಬು ತಿನ್ನುತ್ತಿದ್ದ. ಪಕ್ಕದ ಮನೆ ಕಾಶಮ್ಮನ ಮಕ್ಕಳು ಬಾಗಿಲ ಮುಂದೆಯೇ ಪಟಾಕಿ ಹಚ್ಚಿದರು. ಢಮ್ಮೆಂದಿತು. ಪುಟ್ಟಯ್ಯನ ಕೈಯಿಂದ ಲೋಟ ಜಾರಿತು. ಚೌಡಯ್ಯ ಚಮಚ ಬಾಯಿಗಿಟ್ಟು ಹೊಗೆಯ ವಾಸನೆಗೆ ತಿರುಗಿ ನೋಡಿದ.

ಚಿನ್ನಮ್ಮ ಅಳುತ್ತ ಹಿತ್ತಲಿಗೆ ಹೋದಳು. ಪುಟ್ಟಯ್ಯ ಹೆಂಡತಿಯನ್ನು ನೋಡಿದ. ಅವಳು ನೆಲಕ್ಕೆ ಬಿದ್ದ ಕಾಫಿ ಒರೆಸುತ್ತಿದ್ದಳು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದಳು.

ಆ ಮಧ್ಯಾಹ್ನ ಅಕ್ಕಿ ಡಬ್ಬದ ಹಿಂದೆ ಬೀಡಿ ಕಟ್ಟು ಹುಡುಕಿದ ಪುಟ್ಟಯ್ಯನಿಗೆ ಖಾಲಿ ಸೀಸೆ ಸಿಕ್ಕಿತು. ಮೂಸಿದ.

"ಏನೇ ಇದು?"

ದ್ಯಾಮಮ್ಮ ಹೇಳಿದಳು. ಎಷ್ಟು ಕೂಡಿಟ್ಟಳು, ಎಷ್ಟು ಕೊಟ್ಟಳು, ಡಾಕ್ಟರಿಗೆ ಏನಂದಳು, ಎಲ್ಲ ಹೇಳಿದಳು.

"ಹೋಗಿ ಹೇಳ್ಬಿಡ್ಲಾ ಡಾಕ್ಟರಿಗೆ?"

ಪುಟ್ಟಯ್ಯ ಸೀಸೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತ.

"ಈಗ ಹೇಳಿದ್ರೆ ಕಿವಿ ವಾಪಸ್ ಬರುತ್ತಾ? ನಾನು ಕುಡೀಲಿಲ್ಲ ಅಂತ ಗೊತ್ತಾದ್ರೆ ದಂಡ ಹಾಕ್ತಾರೆ. ಹಾಜರಿ ಮಸ್ಟರ್‌ನಿಂದ ಹೆಸರು ಕಿತ್ರೆ ಮನೇನೂ ಬಿಡ್ಬೇಕು. ಸುಮ್ನಿರು. ತಾನಾಗಿ ಸರಿಹೋಗುತ್ತೆ."

ಸೀಸೆಯನ್ನು ಅವನೇ ಒಯ್ದು ಭದ್ರಾ ಹೊಳೆಗೆ ಎಸೆದು ಬಂದ.

ಅಂದಿನಿಂದ ಅವನು ಮಗನನ್ನು ಬೈಯಲಿಲ್ಲ. ಭಾನುವಾರ ಕೋಳಿ ತಂದ. ಮುಂದಿನ ಭಾನುವಾರ ಮತ್ತೆ ತಂದ. ಸೌದೆ ತಾನೇ ಒಡೆದ. ಕಾಗದದ ಗಿರಣಿಯ ಮಾತೆತ್ತಲಿಲ್ಲ.

"ಮಾವ ಯಾಕೆ ಹಿಂಗಾದ್ರು?" ಎಂದು ಚಿನ್ನಮ್ಮ ಕೇಳಿದಳು. "ಮೊದ್ಲು ಬೈತಿದ್ರೇ ಚೆನ್ನಾಗಿತ್ತು. ಈಗ ಮನೇಲಿ ಯಾರೋ ಸತ್ತವ್ರೆ ಅನ್ನಿಸ್ತದೆ."

"ಕೋಳಿ ತಂದ್ರೂ ತಪ್ಪಾ?" ಎಂದು ದ್ಯಾಮಮ್ಮ ರೇಗಿದಳು.

ಮೂರು ಮನೆಯ ಪಾಠಗಳೂ ನಿಂತವು. ಯಜ್ಞನಾರಾಯಣ ಮಾತ್ರ ಬರುತ್ತಿದ್ದ. ನವೆಂಬರ್ ಕೊನೆಗೆ ಅವನು ಇನ್ನಾಸಪ್ಪನನ್ನೂ ಕರೆತಂದ. ಮುದುಕ ಗಿಟಾರು ತೆಗೆದುಕೊಂಡು ಮೀಟಿದವನೇ ಮುಖ ಕಿವಿಚಿದ. ತಂತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸಣ್ಣ ತಂತಿಯನ್ನು ಚೌಡಯ್ಯ ತನಗೆ ಕೇಳಿಸುವವರೆಗೆ ಬಿಗಿದು ಎರಡು ಸಲ ಹರಿದುಕೊಂಡಿದ್ದ. ದೀಪಾವಳಿಯಿಂದೀಚೆಗೆ ಮನೆಯಲ್ಲಿ ಯಾರೂ ಅವನಿಗೆ ಶ್ರುತಿ ತಪ್ಪಿದೆ ಎಂದು ಹೇಳಿರಲಿಲ್ಲ. ಒಲೆಯ ಮುಂದಿನಿಂದ ಕೂಗುವವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ರೊಟ್ಟಿ ತಟ್ಟುತ್ತಿದ್ದಳು.

ಹೊರಡುವಾಗ ಇನ್ನಾಸಪ್ಪ ದ್ಯಾಮಮ್ಮನನ್ನು ಬದಿಗೆ ಕರೆದ.

"ಇದನ್ನ ನಾನು ಬರ್ಮಾದಲ್ಲಿ ನೋಡಿದೀನಿ ತಾಯಿ. ಕ್ವಿನೈನ್ ಅಳತೆ ಮೀರಿದ್ರೆ ಹಿಂಗಾಗುತ್ತೆ. ನಮ್ಮ ಬ್ಯಾಂಡಿನ ಕ್ಲಾರಿನೆಟ್‌ನವನಿಗೆ ಆಯ್ತು. ಅವನಿಗೆ ಸ್ವಲ್ಪ ಉಳಿದಿತ್ತು. ಮತ್ತೆ ಜ್ವರ ಬಂತು, ಮತ್ತೆ ಅದನ್ನೇ ಕುಡಿಸಿದ್ರು, ಇದ್ದದ್ದೂ ಹೋಯ್ತು. ಇವನಿಗೆ ಇನ್ನೊಂದು ತೊಟ್ಟೂ ಕೊಡ್ಬೇಡಿ. ಈಗ ಜೋರಾಗಿ ಕೂಗಿದ್ರೆ ಕೇಳೋಷ್ಟು ಮರಳಿದೆಯಲ್ಲ, ಅಷ್ಟಾದ್ರೂ ಉಳೀಲಿ."

"ಡಾಕ್ಟರು ಜ್ವರದಿಂದ ಆಗಿದ್ದು ಅಂದ್ರು," ಎಂದಳು ದ್ಯಾಮಮ್ಮ.

"ಅವರಿಗೆ ಎಷ್ಟು ಕುಡಿಸಿದ್ದು ಅಂತ ಯಾರು ಹೇಳಿದ್ರು?"

ದ್ಯಾಮಮ್ಮ ಒಳಗೆ ಹೋಗಿ ಮುದುಕನಿಗೆ ಬಾಳೆಹಣ್ಣು ತಂದುಕೊಟ್ಟಳು.

ಆ ರಾತ್ರಿ ಊಟಕ್ಕೆ ಬಡಿಸುವಾಗ ಮಗನ ಪಕ್ಕ ಬಗ್ಗಿ, "ಚೌಡ, ತಪ್ಪು ನಂದು ಕಣೋ," ಎಂದಳು.

"ಏನಮ್ಮ?"

"ತಪ್ಪು ನಂದು ಅಂದೆ."

"ಸಾರಾ? ಬೇಡ, ಸಾಕು."

ಅದಕ್ಕಿಂತ ಜೋರಾಗಿ ಹೇಳಿದರೆ ಗೋಡೆಯ ಆಚೆ ಕಾಶಮ್ಮನಿಗೆ ಕೇಳುತ್ತಿತ್ತು. ಲೈನಿನ ಗೋಡೆಗಳು ಚಾವಣಿ ಮುಟ್ಟುತ್ತಿರಲಿಲ್ಲ. ದ್ಯಾಮಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಇಪ್ಪತ್ತೊಂಬತ್ತಕ್ಕೆ, ಸೋಮವಾರ, ಜ್ವರ ಮರಳಿತು. ಬುಧವಾರ ಮತ್ತೆ ಬಂತು. ಈ ಸಲ ಬೆರಳು ಮಡಚಿದವನು ಚೌಡಯ್ಯ. ಶುಕ್ರವಾರ ಒಂದು, ಭಾನುವಾರ ಇನ್ನೊಂದು. ಆ ಭಾನುವಾರವೇ ಡಿಸೆಂಬರ್ ಐದು.

ಗುರುವಾರ ಬೆಳಗ್ಗೆ ಅವನೇ ಲೋಟ ಹಿಡಿದು ಹೊರಗೆ ಹೋದ. ನಲ್ಲಿಯ ಹತ್ತಿರ ಕಾಂಪೌಂಡರ್ ಬಕೆಟ್ಟು ಇಳಿಸಿದ್ದ. ಹೆಂಗಸರು ಕೊಡ ಹಿಡಿದು, ಚೊಂಬು ಹಿಡಿದು ನಿಂತಿದ್ದರು. ಕೆಲಸಕ್ಕೆ ಹೊರಟ ಗಂಡಸರೂ ಇದ್ದರು.

"ನಂಗೆ ಎರಡು ಔನ್ಸು ಹಾಕಿ," ಎಂದ ಚೌಡಯ್ಯ. ಕೇಳಿಸದವರು ಮಾತಾಡುವಂತೆ ಜೋರಾಗಿ ಹೇಳಿದ. "ಭಾನುವಾರ ನಂಗೆ ಜ್ವರ ಬರಬಾರ್ದು. ಮೂರಾದ್ರೂ ಪರ್ವಾಗಿಲ್ಲ."

"ಅಯ್ಯೋ ಪಾವಂ," ಎಂದಳು ಸಾಲಿನಲ್ಲಿದ್ದ ತಮಿಳಿನ ಹೆಂಗಸು.

ಕಾಂಪೌಂಡರ್ ಒಂದು ಔನ್ಸು ಅಳೆದು ಲೋಟಕ್ಕೆ ಸುರಿದ. ಚೌಡಯ್ಯ ಲೋಟ ಎತ್ತಿದ. ದ್ಯಾಮಮ್ಮ ಬಾಗಿಲಿನಿಂದ ಓಡಿಬಂದು ಅವನ ಕೈಗೆ ಹೊಡೆದಳು. ಲೋಟ ಕಲ್ಲಿನ ಮೇಲೆ ಬಿದ್ದು ಉರುಳಿತು. ಔಷಧ ನಲ್ಲಿಯ ನೀರಿನ ಜೊತೆ ಚರಂಡಿಗೆ ಹರಿಯಿತು.

"ಏನಮ್ಮ ಇದು? ಚೆಲ್ಲಲ್ಲ ಅಂತಿದ್ರಿ," ಎಂದ ಕಾಂಪೌಂಡರ್.

"ಅವನಿಗೆ ಬೇಡ."

"ಏನಂದೆ?" ಎಂದ ಚೌಡಯ್ಯ.

"ಬೇಡ ಅಂದೆ. ಕುಡೀಬೇಡ."

"ಏನಂತೆ?" ಅವನು ಸುತ್ತಲಿನವರ ಬಾಯಿ ನೋಡುತ್ತಿದ್ದ. "ಏನ್ ಹೇಳ್ತಿದಾಳೆ?"

ದ್ಯಾಮಮ್ಮ ಅವನ ಎರಡೂ ತೋಳು ಹಿಡಿದುಕೊಂಡಳು.

"ನಾನೇ ಕುಡಿಸಿದೆ!" ಎಂದು ಕೂಗಿದಳು. "ಎರಡರಷ್ಟು ಕುಡಿಸಿದೆ! ಆರು ದಿನ! ನಿಮ್ಮಪ್ಪಂದು, ಚಿನ್ನೀದು ಕೂಡಿಟ್ಟು ನಿಂಗೆ ಕುಡಿಸಿದೆ! ಅದ್ರಿಂದ ನಿನ್ ಕಿವಿ ಹೋಯ್ತು!"

ನಲ್ಲಿಯನ್ನು ಯಾರೂ ನಿಲ್ಲಿಸಲಿಲ್ಲ. ತುಂಬಿದ ಕೊಡದಿಂದ ನೀರು ಹೊರಚೆಲ್ಲುತ್ತಿತ್ತು. ಚೌಡಯ್ಯ ತಾಯಿಯ ಬಾಯಿಯನ್ನೇ ನೋಡುತ್ತಿದ್ದ. ಅವಳ ಮಾತು ಅವನಿಗೆ ತಲುಪಿತ್ತು.

"ಡಾಕ್ಟರು ಕೇಳಿದ್ರಲ್ಲ," ಎಂದ. "ಎಷ್ಟು ಕೊಟ್ರಿ ಅಂತ ಕೇಳಿದ್ರಲ್ಲ. ಏನಂದೆ ಅವತ್ತು?"

"ಹೇಳಿದಷ್ಟೇ ಅಂದೆ," ಎಂದಳು ದ್ಯಾಮಮ್ಮ, ಸಣ್ಣಗೆ.

"ಏನು?"

"ಹೇಳಿದಷ್ಟೇ ಅಂದೆ!"

ಪುಟ್ಟಯ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದಿದ್ದ. ಅವನು ಮಗನಿಗೆ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಏಳೂವರೆಯ ಸಿಳ್ಳು ಹೊಡೆಯಿತು. ಅದು ನಿಲ್ಲುವವರೆಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಅದು ನಿಂತ ಮೇಲೆ ಪುಟ್ಟಯ್ಯ ಕೆಲಸಕ್ಕೆ ಹೋಗದೆ ಕಾಂಪೌಂಡರ್ ಮುಂದೆ ಬಂದು ನಿಂತು, "ನಂದು ಎರಡೂವರೆ ತಿಂಗಳ ಗೀಟು ಸುಳ್ಳು. ಬರ್ಕೊಳ್ಳಿ," ಎಂದ.

ಕಾಂಪೌಂಡರ್ ಬರೆದುಕೊಳ್ಳಲಿಲ್ಲ. ಗಾಜಿಗೆ ಔಷಧ ಅಳೆದು ಕೈಗೆ ಕೊಟ್ಟ. ಪುಟ್ಟಯ್ಯ ಎಲ್ಲರೆದುರು ಕುಡಿದ.

ದಂಡ ಬೀಳಲಿಲ್ಲ. ಮಸ್ಟರ್‌ನಿಂದ ಹೆಸರು ಹೋಗಲಿಲ್ಲ. ಯಾರೂ ಬಂದು ಕೇಳಲೂ ಇಲ್ಲ. ಡಾಕ್ಟರು ಕ್ವಿನೈನ್ ನಿಲ್ಲಿಸಿ ಹೊಸದಾಗಿ ಬಂದಿದ್ದ ಹಳದಿ ಮಾತ್ರೆ ಕೊಟ್ಟರು. ದ್ಯಾಮಮ್ಮನಿಗೆ ಬೈಯಲಿಲ್ಲ. "ಅವತ್ತೇ ಹೇಳಿದ್ರೆ ಆ ಏಳು ದಿನ ಕೊಡ್ತಿರಲಿಲ್ಲ," ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು.

ಭಾನುವಾರ ಜ್ವರ ಬಂತು. ಯಜ್ಞನಾರಾಯಣ ಒಬ್ಬನೇ ಹೋಗಿ ಕೊಟ್ರಬಸಪ್ಪನಿಗೆ ವಿಷಯ ತಿಳಿಸಿದ. ಶಾಲೆಗೆ ದಾವಣಗೆರೆಯಿಂದ ಹಾರ್ಮೋನಿಯಂ ಮೇಷ್ಟರೊಬ್ಬರು ಬಂದರು.

ಮನೆಯಲ್ಲಿ ಚೌಡಯ್ಯ ಯಾರೊಂದಿಗೂ ಜಗಳ ಆಡಲಿಲ್ಲ. ಬಡಿಸಿದ್ದನ್ನು ಉಂಡ. ತಾಯಿ ಬಡಿಸಿದರೆ ತಟ್ಟೆ ನೋಡುತ್ತಿದ್ದ, ಹೆಂಡತಿ ಬಡಿಸಿದರೆ ಮುಖ ನೋಡುತ್ತಿದ್ದ. ಬಲಗೈಯ ಉಗುರು ಕತ್ತರಿಸಬಹುದು ಎಂದು ದ್ಯಾಮಮ್ಮ ದಿನವೂ ಕಾದಳು. ಅವನು ಕತ್ತರಿಸಲಿಲ್ಲ. ಹಿತ್ತಾಳೆ ಚಮಚವನ್ನು ಅವಳು ದಿನವೂ ಹುಣಸೆಹಣ್ಣು ಹಾಕಿ ಬೆಳಗಿದಳು.

"ಅವನೇನಾದ್ರೂ ಅಂದ್ನೇನೇ?" ಎಂದು ಸೊಸೆಯನ್ನು ಕೇಳಿದಳು.

"ಏನೂ ಅನ್ನಲ್ಲ ಅತ್ತೆ."

"ನಂಗೆ ಬೈದ್ರೂ ಆಗಿತ್ತು."

"ಬೈದ್ರೆ ನಿಮಗೆ ಹಗುರ ಆಗುತ್ತೆ," ಎಂದಳು ಚಿನ್ನಮ್ಮ, ರಾಗಿ ಕೇರುತ್ತ. "ಅವರಿಗೇನಾಗುತ್ತೆ?"

ಸಂಕ್ರಾಂತಿ ಕಳೆದ ಭಾನುವಾರ ಯಜ್ಞನಾರಾಯಣ ಎಂದಿನಂತೆ ಹತ್ತರ ರೈಲಿಗೆ ಬಂದ. ಪಾಠ ಹೇಗೆ ನಡೆಯುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಚೌಡಯ್ಯ ಅವನನ್ನು ಎದುರಿಗೆ ಕೂರಿಸಿಕೊಂಡು, "ನೀವು ನುಡಿಸ್ತಾ ಹೋಗಿ. ನಾನು ಬೆರಳು ನೋಡ್ತೀನಿ. ಬೆರಳು ತಪ್ಪಿದ್ರೆ ಗೊತ್ತಾಗುತ್ತೆ," ಎಂದ. "ಆದ್ರೆ ಶ್ರುತಿ ನೋಡೋಕಾಗಲ್ಲ."

ಒಳಗೆ ತಿರುಗಿ ಕರೆದ. "ಅಮ್ಮ."

ಆ ಡಿಸೆಂಬರ್ ಎರಡರಿಂದ ಅವನು ಆ ಮಾತು ಆಡಿರಲಿಲ್ಲ. ದ್ಯಾಮಮ್ಮ ಹಿಟ್ಟಿನ ಕೈಯಲ್ಲೇ ಬಂದಳು.

"ಇಲ್ಲಿ ಕೂತ್ಕೋ. ನಾನು ಬಿಗೀತಾ ಹೋಗ್ತೀನಿ. ಸರಿ ಬಂದಾಗ ಹೇಳು."

ಅವಳು ಹೊಸ್ತಿಲ ಮೇಲೆ ಕೂತಳು. ಅವನು ದಪ್ಪ ತಂತಿ ಮೀಟಿದ. ಅವಳು ಕೈ ಮೇಲೆತ್ತಿ ತೋರಿಸಿದಳು. ಬಿಗಿದ. ಇನ್ನೂ ಎಂದು ತೋರಿಸಿದಳು. ಬಿಗಿದ. ಸರಿ ಎಂದು ತಲೆಯಾಡಿಸಿದಳು. ಎರಡನೆಯದು ಹೊಂದಿತು, ಮೂರನೆಯದೂ ಹೊಂದಿತು. ನಾಲ್ಕನೆಯದಕ್ಕೆ ಬಂದಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವನು ಒಂದು ಸಲ ತಿರುವಿ ಮೀಟಿದ ಕೂಡಲೇ, "ಸರಿ ಐತೆ!" ಎಂದು ಕೂಗಿದಳು.

ಚೌಡಯ್ಯ ಬಿರಡೆಯಿಂದ ಕೈ ತೆಗೆಯಲಿಲ್ಲ. ಅವಳ ಮುಖವನ್ನೇ ನೋಡಿದ.

"ನಿಜ ಹೇಳು," ಎಂದ. ಮತ್ತೊಮ್ಮೆ ಮೀಟಿದ.

ದ್ಯಾಮಮ್ಮ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿ, ಬಗ್ಗಿ, ತಂತಿ ಪೂರಾ ನಿಲ್ಲುವವರೆಗೆ ಕೇಳಿದಳು.

"ಇಲ್ಲ," ಎಂದು ಕೂಗಿದಳು. "ಚೂರು ಇಳಿದೈತೆ!"

ಗೋಡೆಯ ಆಚೆ ಕಾಶಮ್ಮನ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಚೌಡಯ್ಯ ಬಿರಡೆ ತಿರುವಿ ಮತ್ತೆ ಮೀಟಿದ.